ರಾಜ ಹೋದ ಮೇಲೆ ಕಪ್ಪ ಯಾರಿಗೆ?

ಪ್ರಶ್ನೆ: ಸರ್, ಹಗಲು ಬ್ಯಾಂಕಿನ ಕೆಲಸ, ರಾತ್ರಿ ಕಾದಂಬರಿ ಬರೆಯುವ ಹುಚ್ಚು ನನ್ನದು. ಕಥೆ ನಡೆಯುವುದು ಅಗ್ನಿಮಾಲೆ ಅನ್ನುವ ಕಾಲ್ಪನಿಕ ಸಾಮ್ರಾಜ್ಯದಲ್ಲಿ. ಏಳು ಸೀಮೆ, ಮುನ್ನೂರು ವರ್ಷದ ರಾಜವಂಶ. ಅರಮನೆಯಲ್ಲಿ ಒಂದು ದೀಪವಿದೆ. ಆ ವಂಶದ ರಕ್ತದವರು ಮುಟ್ಟಿದರೆ ಮಾತ್ರ ಅದು ಉರಿಯುತ್ತದೆ. ಚಕ್ರವರ್ತಿ ವಜ್ರಬಾಹು ಮಕ್ಕಳಿಲ್ಲದೆ ತೀರಿಕೊಳ್ಳುತ್ತಾನೆ, ದೀಪ ಆರುತ್ತದೆ. ಎಂಟು ದಿನದೊಳಗೆ ಏಳೂ ಸೀಮೆಯವರು ‘ನಾವಿನ್ನು ಸ್ವತಂತ್ರರು’ ಎಂದು ಡಂಗುರ ಹೊಡೆಸುತ್ತಾರೆ. ಇದನ್ನು ಓದಿದ ನನ್ನ ಅಕ್ಕ, ‘ಮುನ್ನೂರು ವರ್ಷ ಒಟ್ಟಿಗಿದ್ದವರು ಒಂದು ದೀಪ ಆರಿತು ಅಂತ ಬೇರೆಯಾಗ್ತಾರಾ? ಇನ್ನೊಬ್ಬ ರಾಜನನ್ನ ಹುಡುಕಿಕೊಳ್ಳಲ್ವಾ? ನಂಬೋಕೇ ಆಗಲ್ಲ ಕಣೋ’ ಅಂದುಬಿಟ್ಟಳು. ರಾಜ ಹೋದರೆ ಸೀಮೆಗಳು ನಿಜವಾಗಿ ಯಾಕೆ ಒಡೆಯುತ್ತವೆ?
(ಓದುಗ, ವಿಜಯನಗರ, ಬೆಂಗಳೂರು)

ಉತ್ತರ: ವಿಜಯನಗರ ಬಡಾವಣೆಯಲ್ಲಿ ಕೂತು ಸಾಮ್ರಾಜ್ಯ ಯಾಕೆ ಒಡೆಯುತ್ತದೆ ಎಂದು ಕೇಳಿದ್ದೀರಿ! ಬಂದ ಕಾಗದಗಳ ಕಟ್ಟಿನಲ್ಲಿ ನಿಮ್ಮದನ್ನೇ ಮೊದಲು ತೆಗೆದೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಎಲ್ಲೋ ಎಡವಟ್ಟಾಗಿದೆ ಅನಿಸಿದ್ದು ಸರಿಯಾಗಿಯೇ ಇದೆ. ಆದರೆ ಎಡವಟ್ಟು ಇರುವುದು ಡಂಗುರದಲ್ಲಿ. ಚಕ್ರವರ್ತಿ ಸತ್ತ ಎಂಟನೇ ದಿನಕ್ಕೆ ಡಂಗುರ ಹೊಡೆಸುವ ಪಾಳೇಗಾರ ಪೆದ್ದ. ಚಾಲಾಕಿಯಾದವನು ರಾಜಧಾನಿಗೆ ದುಃಖದ ಓಲೆ ಕಳಿಸುತ್ತಾನೆ, ತಲೆ ಬೋಳಿಸಿಕೊಳ್ಳುತ್ತಾನೆ, ಊರಿಗೆಲ್ಲ ಅನ್ನ ಹಾಕಿಸುತ್ತಾನೆ. ಆ ವರ್ಷದ ಕಪ್ಪ ಮಾತ್ರ ಕಳಿಸುವುದಿಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ. ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ದುಡ್ಡು ಎಣಿಸಿದವನು. ಹಾಗಾಗಿ ಯಾವ ರಾಜನ ಕಥೆ ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಬಾಕಿ ಕಲಮಿಗೆ. ಒಂದು ಪ್ರಸಂಗ ಹೇಳುತ್ತೇನೆ, ಊರಿನ ಹೆಸರು ಬೇಡ. ಒಂದು ತಾಲ್ಲೂಕಿನಲ್ಲಿ ತಹಸೀಲ್ದಾರರಿಗೆ ದಿಢೀರನೆ ವರ್ಗವಾಯಿತು. ಹೊಸಬರು ಬರಲಿಲ್ಲ. ಪಕ್ಕದ ತಾಲ್ಲೂಕಿನವರಿಗೆ ಪ್ರಭಾರ ಕೊಟ್ಟರು. ಅವರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಸಹಿ ಹಾಕಿ ಹೋಗುತ್ತಿದ್ದರು. ಎರಡು ವಾರ ಎಲ್ಲ ಸರಿಯಾಗಿತ್ತು. ಮೂರನೇ ವಾರ ದೂರದ ಹೋಬಳಿಯ ಗ್ರಾಮ ಲೆಕ್ಕಿಗನೊಬ್ಬ ವಸೂಲಾದ ಕಂದಾಯ ಕಟ್ಟಲು ಬರಲಿಲ್ಲ. ಕೇಳಿದರೆ, ‘ಹೊಸ ಸಾಹೇಬರು ಬರಲಿ ಸಾರ್, ಒಟ್ಟಿಗೇ ಕಟ್ತೀನಿ’ ಅಂದ. ಕಟ್ಟಲ್ಲ ಅನ್ನಲಿಲ್ಲ, ಗಮನಿಸಿ. ಐದನೇ ವಾರ ಅವನ ಪಕ್ಕದವನೂ ನಾಪತ್ತೆ. ‘ಅವನೇ ಕಟ್ಟಿಲ್ಲ, ನಾನೊಬ್ಬ ಯಾಕೆ ಕಟ್ಲಿ?’ ಎರಡೂವರೆ ತಿಂಗಳ ಮೇಲೆ ಹೊಸ ಸಾಹೇಬರು ಬಂದಾಗ ಬಾಕಿ ಪಟ್ಟಿ ಎರಡು ಹಾಳೆ ದಾಟಿತ್ತು. ಇಷ್ಟಾಗಿಯೂ ಬಂಡಾಯ ಎದ್ದವನು ಅಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರೂ ಹಾರ ಹಿಡಿದುಕೊಂಡೇ ಬಂದಿದ್ದರು.

ನಿಮ್ಮ ಏಳು ಸೀಮೆಯ ನಾಯಕರನ್ನು ಆ ಹೋಬಳಿಯವರಂತೆ ನೋಡಿ. ರಾಜನ ಮೇಲೆ ದ್ವೇಷ ಯಾರಿಗೂ ಇಲ್ಲ. ಒಬ್ಬೊಬ್ಬನೂ ಪಕ್ಕದವನ ಕಡೆ ನೋಡುತ್ತಾನೆ, ಅಷ್ಟೇ. ಅವನು ಕಟ್ಟಿದನಾ? ಸೈನ್ಯ ಕಳಿಸಿದನಾ? ಎಲ್ಲರೂ ಕಟ್ಟುವವರೆಗೆ ಕಟ್ಟುವುದೇ ಕ್ಷೇಮ. ಇಬ್ಬರು ಬಿಟ್ಟರೆ ಕಟ್ಟುವವನೇ ದಡ್ಡ.

ಹಂಪಿಯ ಮಹಾನವಮಿ ದಿಬ್ಬವನ್ನು ನೀವು ನೋಡಿರುತ್ತೀರಿ. ಗೈಡುಗಳು ಆನೆ, ಕುಸ್ತಿ, ಕುಣಿತದ ಕೆತ್ತನೆ ತೋರಿಸುತ್ತಾರೆ. ನನಗೆ ಅದು ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿ ಕಟ್ಟೆಯ ಹಾಗೆ ಕಾಣುತ್ತದೆ. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಇದನ್ನು ಬರೆದಿಟ್ಟಿದ್ದಾನೆ. ನಾಯಕರಿಗೆ ರಾಯ ಸೀಮೆ ಬಿಟ್ಟುಕೊಡುತ್ತಾನೆ. ಅವರು ಇಂತಿಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು. ಅವನ ಲೆಕ್ಕದ ಪ್ರಕಾರ ಆದಾಯದಲ್ಲಿ ಸುಮಾರು ಅರ್ಧ ರಾಯನಿಗೆ ಹೋಗಬೇಕು. ಅದನ್ನು ಕಟ್ಟುವುದು ಸೆಪ್ಟೆಂಬರಿನ ಒಂಬತ್ತು ದಿನದ ಹಬ್ಬದಲ್ಲಿ.

ಯೋಚನೆ ಮಾಡಿ, ಎಂಥ ಜಾಣ ಏರ್ಪಾಡು! ಒಂಬತ್ತು ದಿನ ನಾಯಕರೆಲ್ಲ ಒಂದೇ ಊರಿನಲ್ಲಿ. ಯಾರು ಬಂದರು, ಯಾರು ಮಗನನ್ನು ಕಳಿಸಿ ತಾನು ಉಳಿದುಕೊಂಡ, ಯಾರ ಆನೆ ಬಡಕಲಾಗಿದೆ, ಯಾರ ಚೀಲ ಸಣ್ಣದಾಗಿದೆ, ಎಲ್ಲ ಎಲ್ಲರ ಕಣ್ಣಿಗೂ ಬೀಳುತ್ತದೆ. ರಾಯ ದಿಬ್ಬದ ಮೇಲೆ ಕೂತಿರುತ್ತಾನೆ, ನಿಜ. ಆದರೆ ನಾಯಕ ಹೆದರುವುದು ಅವನಿಗಿಂತ ಜಾಸ್ತಿ ಸುತ್ತ ಕೂತ ಉಳಿದ ನಾಯಕರಿಗೆ. ತಾನು ತಪ್ಪಿಸಿಕೊಂಡರೆ ತನ್ನ ಮೇಲೆ ಬರುವುದು ಅವರ ಕುದುರೆಗಳೇ ತಾನೇ? ನಿಮ್ಮ ಕಾದಂಬರಿಯಲ್ಲಿ ಇಂಥ ಒಂದು ಹಬ್ಬ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಬರೆಯಿರಿ. ದೀಪ ಆರುವ ಅಧ್ಯಾಯಕ್ಕಿಂತ, ದೀಪ ಆರಿದ ವರ್ಷದ ಹಬ್ಬಕ್ಕೆ ಎಷ್ಟು ಡೇರೆ ಖಾಲಿ ಇದ್ದವು ಅನ್ನುವ ಅಧ್ಯಾಯ ಭಯ ಹುಟ್ಟಿಸುತ್ತದೆ.

ರಾಜ ಸತ್ತ ಮಾತ್ರಕ್ಕೆ ಒಡೆಯುವುದಾಗಿದ್ದರೆ ವಿಜಯನಗರ 1529ರಲ್ಲೇ ಒಡೆಯಬೇಕಿತ್ತು. ಕೃಷ್ಣದೇವರಾಯನಂಥವನು ಹೋದ. ಪಟ್ಟಕ್ಕೆ ತಕರಾರೂ ಬಂತು, ಅಳಿಯ ರಾಮರಾಯನ ಕಣ್ಣು ಆಗಲೇ ಅದರ ಮೇಲಿತ್ತು. ಅಚ್ಯುತರಾಯ ರಾಜಧಾನಿ ಮುಟ್ಟುವ ಮೊದಲೇ ತಿರುಪತಿಯಲ್ಲಿ, ಕಾಳಹಸ್ತಿಯಲ್ಲಿ ಪಟ್ಟ ಕಟ್ಟಿಸಿಕೊಂಡ. ಅಷ್ಟು ಆತುರ! ತಮಿಳು ಸೀಮೆಯ ಅಧಿಕಾರಿ ಸಾಳುವ ವೀರನರಸಿಂಹ ತಿರುಗಿಬಿದ್ದಾಗ ಅಚ್ಯುತರಾಯನ ಸೈನ್ಯ ಕೂಡಲೇ ದಕ್ಷಿಣಕ್ಕೆ ಇಳಿದು ಅವನನ್ನು ಬಗ್ಗಿಸಿತು. ಮೊದಲ ಬಾಕಿದಾರನನ್ನು ಬಿಡದೆ ಹಿಡಿದದ್ದರಿಂದ ಸಾಮ್ರಾಜ್ಯ ಒಡೆಯಲಿಲ್ಲ.

1565ರಲ್ಲಿ ಆದದ್ದು ಬೇರೆ. ಜನವರಿ 23ರಂದು ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ರಾಮರಾಯನ ತಲೆ ಹೋಯಿತು. ಆದರೆ ನಿಮ್ಮ ಅಕ್ಕ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು: ರಾಜ ಎಲ್ಲಿ ಸತ್ತ? ಪಟ್ಟದ ರಾಜ ಸದಾಶಿವರಾಯ ಬದುಕಿಯೇ ಇದ್ದ! ರಾಮರಾಯ ಅವನನ್ನು ವರ್ಷಗಳಿಂದ ಕಾವಲಿನಲ್ಲಿಟ್ಟು, ವರ್ಷಕ್ಕೊಮ್ಮೆ ಜನಕ್ಕೆ ತೋರಿಸುತ್ತಿದ್ದ. ಉತ್ಸವಮೂರ್ತಿ ಅಂತೀವಲ್ಲ, ಹಾಗೆ. ಸಾಮ್ರಾಜ್ಯ ಕಳೆದುಕೊಂಡದ್ದು ಕಿರೀಟವನ್ನಲ್ಲ, ಬಾಕಿ ಕೇಳುವ ಮನುಷ್ಯನನ್ನು.

ರಾಮರಾಯನ ಬದುಕುಳಿದ ತಮ್ಮ ತಿರುಮಲ, ರಾಜನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಗೆ ಓಡಿದ. ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಇಷ್ಟವಾದದ್ದು ಆಮೇಲಿನ ಸಣ್ಣ ಸಂಗತಿ. 1567ರಲ್ಲಿ ಸೀಸರ್ ಫ್ರೆಡರಿಕ್ ಎಂಬ ವೆನಿಸ್ ನಗರದ ವ್ಯಾಪಾರಿ ಹಾಳು ಹಂಪಿಯಲ್ಲಿ ಏಳು ತಿಂಗಳು ಇದ್ದ. ಊರನ್ನು ಮತ್ತೆ ತುಂಬಿಸಲು ತಿರುಮಲ ಹೆಣಗುತ್ತಿದ್ದ ಸಮಯ ಅದು. ಸೈನ್ಯಕ್ಕೆ ಕುದುರೆ ಬೇಕು. ಗೋವೆಯ ಕಡೆಯಿಂದ ಬರುವ ವ್ಯಾಪಾರಿಗಳಿಗೆ ಹೇಳಿ ಕಳಿಸಿದ: ಕುದುರೆ ತನ್ನಿ, ಕಾಳಗದಲ್ಲಿ ಕಳೆದುಹೋಗಿದ್ದ ನಮ್ಮ ಮುದ್ರೆಯ ಕುದುರೆಯಾದರೂ ಸರಿ, ಒಳ್ಳೇ ಬೆಲೆ ಕೊಡುತ್ತೇನೆ. ವ್ಯಾಪಾರಿಗಳು ನಂಬಿ ತಂದರು. ಒಳ್ಳೆಯ ಕುದುರೆಗಳೆಲ್ಲ ಬಂದು ಸೇರಿದ ಮೇಲೆ, ‘ಸರಿ, ನೀವಿನ್ನು ಹೊರಡಿ’ ಅಂದ. ಒಂದು ಕಾಸೂ ಕೊಡಲಿಲ್ಲ.

ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತಲೆ ಕಡಿದ ದಿನಕ್ಕಿಂತ ಈ ದಿನ ದೊಡ್ಡದು ಅನಿಸಿತು. ಕುದುರೆ ವ್ಯಾಪಾರಿ ಊರೂರು ತಿರುಗುವವನು. ಇಕ್ಕೇರಿಗೆ ಹೋಗುತ್ತಾನೆ, ತಂಜಾವೂರಿಗೆ ಹೋಗುತ್ತಾನೆ, ಹೋದಲ್ಲೆಲ್ಲ ‘ರಾಯರ ಹತ್ತಿರ ದುಡ್ಡಿಲ್ಲ, ಮಾತೂ ಇಲ್ಲ’ ಎಂದು ಹೇಳುತ್ತಾನೆ. ಅದನ್ನು ಕೇಳಿದ ನಾಯಕ ಮುಂದಿನ ನವರಾತ್ರಿಗೆ ಚೀಲ ಹೊತ್ತುಕೊಂಡು ಪೆನುಕೊಂಡೆಗೆ ಹೋಗುತ್ತಾನಾ?

ಆದರೂ ಡಂಗುರ ಮಾತ್ರ ಯಾರೂ ಹೊಡೆಸಲಿಲ್ಲ. ಇದನ್ನೇ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾಳಗ ಆಗಿ ನಲವತ್ತೈದು ವರ್ಷದ ಮೇಲೆ, 1610ರಲ್ಲಿ, ರಾಜ ಒಡೆಯರು ರಾಯನ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ತೆಗೆದುಕೊಂಡರು. ಪೂರ್ತಿ ಬಂಡಾಯ ಅನ್ನೋಣವೇ? 1612ರಲ್ಲಿ ವೆಂಕಟಪತಿರಾಯ ಅದಕ್ಕೆ ಒಪ್ಪಿಗೆಯ ಶಾಸನವನ್ನೂ ಕೊಟ್ಟ. ಕಸಿದುಕೊಂಡದ್ದಕ್ಕೆ ರಸೀದಿ! ಮೈಸೂರಿನವರು ತಮ್ಮದೇ ನಾಣ್ಯ, ಕಂಠೀರಾಯಿ ಹಣ, ಹೊಡೆಸಿದ್ದು ಇನ್ನೂ ಒಂದು ತಲೆಮಾರು ಕಳೆದು, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಅಂದರೆ 1638ರ ನಂತರ. ಕೊನೆಯ ರಾಯ ಮೂರನೇ ಶ್ರೀರಂಗ ನೆಲೆ ತಪ್ಪಿ ಅಲೆಯುವಾಗ ಬೇಲೂರಿನಲ್ಲಿ ಜಾಗ ಕೊಟ್ಟು ಸಾಕಿದವನು ಕೆಳದಿಯ ಶಿವಪ್ಪ ನಾಯಕ. ಅಜ್ಜಂದಿರು ಕಪ್ಪ ಕಟ್ಟುತ್ತಿದ್ದ ಮನೆಯ ಯಜಮಾನನಿಗೆ ಮೊಮ್ಮಕ್ಕಳು ಊಟ ಹಾಕಿದ ಹಾಗೆ.

ಈಗ ನಿಮ್ಮ ಏಳು ಸೀಮೆಗೆ ಬರೋಣ. ಏಳೂ ಒಂದೇ ದಿನ ಯಾಕೆ ಹೋಗಬೇಕು? ದೂರದ್ದು ಮೊದಲು ಹೋಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಹೋಗುವುದು ರಾಜಧಾನಿಯ ಹಂಗಿಲ್ಲದೆ ದುಡ್ಡು ಹುಟ್ಟುವ ಸೀಮೆ. ಕೆಳದಿಗೆ ಮೆಣಸು, ಅಕ್ಕಿ, ಕರಾವಳಿಯ ಸುಂಕ ಇತ್ತು. ತಂಜಾವೂರಿಗೆ ಕಾವೇರಿ ಗದ್ದೆ. ನಿಮ್ಮ ಕಥೆಯಲ್ಲಿ ಬಂದರು ಇರುವ ಸೀಮೆ ಯಾವುದು? ಅವನ ಓಲೆಕಾರ ಮೊದಲು ತಡವಾಗಲಿ. ಗಡಿಯಲ್ಲಿ ಶತ್ರುವಿಗೆ ಮುಖ ಮಾಡಿ ಕೂತ ಬಡ ಸೀಮೆ ಕೊನೆಯವರೆಗೂ ಅಂಟಿಕೊಂಡಿರುತ್ತದೆ. ಅದಕ್ಕೆ ರಾಜಧಾನಿಯಿಂದ ಸೈನಿಕರ ಸಂಬಳ ಬರಬೇಕು. ಆ ಸಂಬಳ ಮೂರು ತಿಂಗಳು ನಿಂತ ದಿನ ಏನಾಗುತ್ತದೆ, ಅಲ್ಲಿ ನಿಮ್ಮ ಅರ್ಧ ಕಾದಂಬರಿ ಇದೆ.

ದೀಪದ ಬಗ್ಗೆ ಒಂದು ತಕರಾರು. ನಿಮ್ಮ ದೀಪ ಅತಿ ಪ್ರಾಮಾಣಿಕವಾದದ್ದು. ವಾರಸುದಾರ ಯಾರು ಅನ್ನುವ ಅನುಮಾನಕ್ಕೇ ಜಾಗವಿಲ್ಲ. ಅನುಮಾನ ಇಲ್ಲದೆ ಜಗಳ ಎಲ್ಲಿಂದ ಬರಬೇಕು? 1614ರಲ್ಲಿ ಇದೇ ವೆಂಕಟಪತಿರಾಯ ಸತ್ತಾಗ ಅವನಿಗೂ ಗಂಡು ಮಕ್ಕಳಿರಲಿಲ್ಲ. ಅಣ್ಣನ ಮಗ ಶ್ರೀರಂಗನನ್ನು ಹೆಸರಿಸಿ ಹೋಗಿದ್ದ. ಆದರೆ ಒಬ್ಬ ರಾಣಿಯ ಹತ್ತಿರ ಒಂದು ಹುಡುಗ ಇದ್ದ. ಅವನು ಹೊರಗಿನಿಂದ ತಂದ ಮಗು ಎಂದು ಅರಮನೆಗೆಲ್ಲ ಗೊತ್ತು. ರಾಣಿಯ ಕಡೆಯ ಜಗ್ಗರಾಯ ಆ ಹುಡುಗನ ಪರ ನಿಂತು ಶ್ರೀರಂಗನ ಸಂಸಾರವನ್ನೇ ಕೊಲ್ಲಿಸಿದ. ಒಬ್ಬ ಮಗ ಮಾತ್ರ ಉಳಿದ. ಅವನನ್ನು ಅಗಸನೊಬ್ಬ ಮೈಲಿಗೆ ಬಟ್ಟೆಯ ಗಂಟಿನಲ್ಲಿ ಕೋಟೆಯಿಂದ ಆಚೆ ಸಾಗಿಸಿದನಂತೆ, ಬರ್ರಾದಸ್ ಎಂಬ ಪಾದ್ರಿ ಬರೆದಿದ್ದಾನೆ. ಆಮೇಲೆ ತೋಪೂರಿನಲ್ಲಿ ದೊಡ್ಡ ಕಾಳಗ. ಮಧುರೆ, ಸೆಂಜಿ ಒಂದು ಕಡೆ, ತಂಜಾವೂರು ಇನ್ನೊಂದು ಕಡೆ. ಎರಡೂ ಕಡೆಯವರ ಬಾಯಲ್ಲಿ ‘ನಾವು ರಾಯರ ಪರ’ ಅನ್ನುವ ಮಾತೇ. ಯಾವ ರಾಯ ಅನ್ನುವುದಷ್ಟೇ ಬೇರೆ.

ಹಾಗಾಗಿ ಯಾರಾದರೂ ಒಬ್ಬ ನಕಲಿ ಹುಡುಗ ಆ ದೀಪ ಹೊತ್ತಿಸಲಿ. ಹೇಗೆ ಹೊತ್ತಿತು ಅನ್ನುವುದು ನಿಮಗೂ ಎಣ್ಣೆ ಹಾಕುವ ಒಬ್ಬ ಆಳಿಗೂ ಮಾತ್ರ ಗೊತ್ತಿರಲಿ. ಇಲ್ಲದಿದ್ದರೆ ದೀಪವನ್ನೇ ಒಬ್ಬ ಕದಿಯಲಿ. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತ ಮೇಲೆ ಅವನ ಹೆಣದ ಮೆರವಣಿಗೆಯನ್ನು ದಾರಿಯಲ್ಲೇ ತಿರುಗಿಸಿ ಈಜಿಪ್ಟಿಗೆ ಒಯ್ದವನು ಸೇನಾಪತಿ ಟಾಲೆಮಿ. ಹೆಣ ಯಾರ ಹತ್ತಿರವೋ ಅವರ ಮಾತಿಗೆ ತೂಕ. ಅಂಥವನೂ ‘ನಾನೇ ರಾಜ’ ಅನ್ನಲು ಸುಮಾರು ಹದಿನೆಂಟು ವರ್ಷ ಕಾದ. ನಿಮ್ಮವರು ಎಂಟು ದಿನಕ್ಕೇ ಶುರು ಮಾಡಿದರಲ್ಲ!

ಪ್ರಶ್ನೆ: ರಾಜ್ಯ ಒಡೆಯುತ್ತದೆ ಎಂದು ಮೊದಲೇ ಗೊತ್ತಾಗಿ, ಅದನ್ನು ತಡೆಯಲು ಯಾರಾದರೂ ಪ್ರಯತ್ನ ಪಟ್ಟಿದ್ದಾರಾ?
(ಓದುಗರು, ಜಯನಗರ, ಬೆಂಗಳೂರು)

ಉತ್ತರ: ಪಟ್ಟಿದ್ದಾರೆ, ನಮ್ಮ ಬೀದರಿನಲ್ಲೇ. ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ್. ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದು ವಜೀರನಾದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇವತ್ತಿಗೂ ನಿಂತಿದೆ. ರಾಜ್ಯದಲ್ಲಿ ನಾಲ್ಕು ತರಫ್, ಅಂದರೆ ನಾಲ್ಕು ದೊಡ್ಡ ಪ್ರಾಂತ, ಇದ್ದವು. ಅವುಗಳ ಅಧಿಕಾರಿಗಳು ಗೂಳಿಗಳಂತೆ ಬೆಳೆದಿದ್ದರು. ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬೊಬ್ಬ ಅಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಬಿಟ್ಟು, ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯಿಂದಲೇ ಕಿಲ್ಲೇದಾರರನ್ನು ಹಾಕಿದ. ಜಮೀನು ಅಳತೆ ಮಾಡಿಸಿದ. ಕಾಗದದ ಮೇಲೆ ಇಟ್ಟ ಸೈನಿಕರು ನಿಜವಾಗಿ ಇದ್ದಾರಾ ಎಂದು ತಲೆ ಎಣಿಸಿದ.

ಈ ಕೊನೆಯದ್ದು ಇದೆಯಲ್ಲ, ಅದನ್ನು ಯಾವ ಅಧಿಕಾರಿಯೂ ಕ್ಷಮಿಸುವುದಿಲ್ಲ. ನನ್ನ ನೌಕರಿಯಲ್ಲಿ ಹಾಜರಿ ಪುಸ್ತಕ ಮುಟ್ಟಿದ ದಿನವೇ ನನಗೆ ಶತ್ರುಗಳು ಹುಟ್ಟಿದ್ದು.

ವಿರೋಧಿಗಳು ಗವಾನನ ಮುದ್ರೆ ಕಾಯುವವನಿಗೆ ಕುಡಿಸಿ, ಒಂದು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒಡಿಶಾದ ರಾಜನಿಗೆ ‘ನೀನು ದಂಡೆತ್ತಿ ಬಾ’ ಎಂದು ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆ ಮಾಡದೆ 1481ರ ಏಪ್ರಿಲ್‌ನಲ್ಲಿ ಎಪ್ಪತ್ತರ ಮುದುಕನ ತಲೆ ತೆಗೆಸಿದ. ಮರುವರ್ಷ ತಾನೂ ಸತ್ತ. 1490ರ ಹೊತ್ತಿಗೆ ವಿಜಾಪುರ, ಅಹ್ಮದ್‌ನಗರ, ಬೇರಾರ್ ಕೈಬಿಟ್ಟಿದ್ದವು. ಗೋಲ್ಕೊಂಡ ನಿಧಾನವಾಗಿ ಹೋಯಿತು. ಬೀದರಿನಲ್ಲಿ ಬರೀದರು ಅನ್ನುವ ಮಂತ್ರಿ ಮನೆತನದವರು ಬಹಮನಿ ಸುಲ್ತಾನರನ್ನು ಗೊಂಬೆಗಳಂತೆ ಇನ್ನೂ ಹಲವು ವರ್ಷ ಕೂರಿಸಿಕೊಂಡಿದ್ದರು. 1565ರಲ್ಲಿ ರಾಮರಾಯನ ಮೇಲೆ ಬಂದ ಸೈನ್ಯಗಳು ಇದೇ ಒಡೆದ ಚೂರುಗಳವು. ಒಡೆದದ್ದರಿಂದ ಬಲ ಕುಗ್ಗಿತು ಎಂದು ರಾಮರಾಯ ಲೆಕ್ಕ ಹಾಕಿದ್ದ. ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟಿ ವರ್ಷಗಟ್ಟಲೆ ಆಟವನ್ನೂ ಆಡಿದ್ದ.

ಪ್ರಶ್ನೆ: ಬೇರೆಯಾದವರು ಹಳೆಯ ರಾಜ್ಯದ ಆಚಾರಗಳನ್ನೇ ಯಾಕೆ ಹಿಡಿದುಕೊಳ್ಳುತ್ತಾರೆ? ಮೈಸೂರು ದಸರಾ ವಿಜಯನಗರದ್ದೇ ಮುಂದುವರಿಕೆ ಅಂತಾರಲ್ಲ.
(ಓದುಗರು, ಹನುಮಂತನಗರ, ಬೆಂಗಳೂರು)

ಉತ್ತರ: ನಮ್ಮ ತಾತನ ಮನೆ ಮಾಗಡಿ ಕಡೆ. ತಾತ ಹೋದಾಗ ನಾಲ್ಕು ಜನ ಗಂಡುಮಕ್ಕಳು ಒಂದೇ ಮನೆಯಲ್ಲಿದ್ದರು. ಭಾಗದ ಮಾತು ಯಾರೂ ಎತ್ತಲಿಲ್ಲ. ಮೊದಲ ವರ್ಷ ದೊಡ್ಡಪ್ಪ ತೋಟದ ತೆಂಗಿನಕಾಯಿ ದುಡ್ಡು ನಡುಮನೆಯ ಪೆಟ್ಟಿಗೆಗೆ ಹಾಕುವುದನ್ನು ಬಿಟ್ಟರು. ಎರಡನೇ ವರ್ಷ ಚಿಕ್ಕಮ್ಮ ಹಿತ್ತಿಲಲ್ಲಿ ಬೇರೆ ಒಲೆ ಹೂಡಿದರು, ಮಗುವಿಗೆ ಹಾಲು ಕಾಯಿಸೋಕೆ ಅಂತ. ನಾಲ್ಕನೇ ವರ್ಷಕ್ಕೆ ಒಲೆ ಮೂರು. ಆದರೆ ಮನೆಯಲ್ಲಿ ಯಾರ ಮದುವೆಯಾದರೂ ಲಗ್ನಪತ್ರಿಕೆಯಲ್ಲಿ ಮೇಲುಗಡೆ ತಾತನ ಹೆಸರೇ. ನನ್ನ ಮದುವೆ ಕಾರ್ಡಿನಲ್ಲೂ ಇದೆ. ಅಷ್ಟು ಹೊತ್ತಿಗೆ ದೊಡ್ಡಪ್ಪ, ಚಿಕ್ಕಪ್ಪ ಮಾತು ಬಿಟ್ಟು ಆರು ವರ್ಷವಾಗಿತ್ತು. ತಾತನ ಹೆಸರು ಬಿಟ್ಟರೆ ತಾವು ದೊಡ್ಡ ಮನೆಯವರು ಅನ್ನುವುದಕ್ಕೆ ಆಧಾರ ಎಲ್ಲಿ?

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದರು, ಅದೇ ವರ್ಷ ಅಲ್ಲೇ ನವರಾತ್ರಿ ಉತ್ಸವ ಶುರು ಮಾಡಿದರು. ಇನ್ನು ಅವರು ಬೇರೆಯವರ ದಿಬ್ಬದ ಮುಂದೆ ನಿಲ್ಲಬೇಕಾಗಿರಲಿಲ್ಲ, ತಮ್ಮದೇ ದಿಬ್ಬ. ದಿಲ್ಲಿಯ ಕಥೆಯೂ ಹೀಗೇ. ಔರಂಗಜೇಬ 1707ರಲ್ಲಿ ಹೋದ. ಬಂಗಾಳ, ಅವಧ್, ಹೈದರಾಬಾದ್ ಒಂದೊಂದಾಗಿ ತಮ್ಮ ಪಾಡಿಗೆ ತಾವಾದವು, ನಾಣ್ಯದ ಮೇಲೆ ಮಾತ್ರ ಬಾದಶಹನ ಹೆಸರು ಬಿಡಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯವರೂ 1835ರವರೆಗೆ ಮೊಗಲ್ ಬಾದಶಹನ ಹೆಸರಿನಲ್ಲೇ ರೂಪಾಯಿ ಹೊಡೆಸಿದರು. ಲಂಡನ್ನಿನ ವ್ಯಾಪಾರಿಗೂ ತಾತನ ಹೆಸರು ಬೇಕಾಗಿತ್ತು ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಈ ಕಾಲದ್ದು ಏನಾದರೂ ನೋಡುವುದಕ್ಕೆ ಉಳಿದಿದೆಯಾ? ಮಗಳಿಗೆ ರಜೆ ಇದೆ.
(ಓದುಗರು, ಮತ್ತಿಕೆರೆ, ಬೆಂಗಳೂರು)

ಉತ್ತರ: ನಿಮಗೆ ಹತ್ತಿರದ್ದು ಮೇಖ್ರಿ ವೃತ್ತದ ಗಡಿ ಗೋಪುರ. ಇನ್ನು ಮೂರು ಲಾಲ್‌ಬಾಗ್ ಬಂಡೆಯ ಮೇಲೆ, ಹಲಸೂರು ಕೆರೆ ಹತ್ತಿರ, ಕೆಂಪಾಂಬುಧಿ ಕೆರೆ ಹತ್ತಿರ. ಇವನ್ನು ಕಟ್ಟಿಸಿದ್ದು ಇಮ್ಮಡಿ ಕೆಂಪೇಗೌಡರು ಎಂದು ಹೆಚ್ಚಿನವರು ಹೇಳುತ್ತಾರೆ. ಅವರು ಆಳಿದ್ದು 1569ರ ನಂತರ, ಅಂದರೆ ಇಲ್ಲಿ ಗಡಿ ಹಾಕಲು ಹಂಪಿಯನ್ನು ಕೇಳಬೇಕಾಗಿಲ್ಲದ ಕಾಲದಲ್ಲಿ. ಅವರ ತಂದೆಗೆ ಆ ಅನುಕೂಲ ಇರಲಿಲ್ಲ.

ಅದಕ್ಕೇ ಮಗಳನ್ನು ಗವಿಪುರಕ್ಕೂ ಕರೆದುಕೊಂಡು ಹೋಗಿ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ರಾಯರ ಅಪ್ಪಣೆ ಇಲ್ಲದೆ ಭೈರವನ ಹೆಸರಿನ ನಾಣ್ಯ ಹೊಡೆಸಿದರಂತೆ. ಅದಕ್ಕೆ ರಾಮರಾಯ ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟ, ದಂಡ ಕಟ್ಟಿಸಿಕೊಂಡು ಬಿಟ್ಟ, ವಾಪಸ್ ಬಂದ ಸಂತೋಷಕ್ಕೆ ಅವರು ಗವಿ ಗಂಗಾಧರೇಶ್ವರ ದೇವಸ್ಥಾನವನ್ನು ಮತ್ತೆ ಕಟ್ಟಿಸಿದರು ಎಂದು ಇಲ್ಲಿಯವರ ಮಾತು. ಕಪ್ಪ ಕೇಳುವ ಕೈ ಗಟ್ಟಿಯಾಗಿದ್ದಾಗ ಹೇಗಿತ್ತು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾಗಿಲ್ಲ. ಬೆಳಿಗ್ಗೆ ಹೋಗಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನುವ ದೊಡ್ಡ ಕಲ್ಲಿನ ಚಕ್ರಗಳಿವೆ, ಮಕ್ಕಳಿಗೆ ಇಷ್ಟವಾಗುತ್ತದೆ. ಒಳಗೆ ಗರ್ಭಗುಡಿಯ ಸುತ್ತ ಗುಹೆಯಲ್ಲೇ ಪ್ರದಕ್ಷಿಣೆ. ಮೇಲಿನ ಬಂಡೆ ತಗ್ಗು, ಮಗಳು ಸಲೀಸಾಗಿ ಹೋಗುತ್ತಾಳೆ, ನೀವು ತಲೆ ನೋಡಿಕೊಳ್ಳಿ. ಹೋದ ತಿಂಗಳು ನನ್ನ ಹಣೆಗೆ ಸರಿಯಾಗಿ ಬಡಿದಿದೆ.